ಗಾಣದ ಶೇಂಗಾ ಹಿಂಡಿ ಕೋಳಿಗೆ ಆಗುತ್ತಾ? ಹಾಕಿ ನೋಡಿದವನ ಅಭಿಪ್ರಾಯ

ಮೊದಲು ತೀರ್ಪು, ಆಮೇಲೆ ವಿವರ. ಮೊಟ್ಟೆ ಕೋಳಿಗೆ ಆಗುತ್ತದೆ, ಆದರೆ ಮೇವಿನಲ್ಲಿ ಸೋಯಾ ಹಿಂಡಿಯ ಅರ್ಧ ಜಾಗಕ್ಕೆ ಮಾತ್ರ. ಬ್ರಾಯ್ಲರ್‌ಗೆ ನಾನಾದರೆ ಹಾಕುವುದಿಲ್ಲ. ಮಳೆಗಾಲದಲ್ಲಿ ಯಾವ ಕೋಳಿಗೂ ಹಾಕುವುದಿಲ್ಲ, ಹಿಂಡಿ ಗಾಣದಿಂದ ಇಳಿಯುವುದನ್ನು ಕಣ್ಣಾರೆ ನೋಡಿ ತಂದಿದ್ದರೆ ಬೇರೆ ಮಾತು. ಐದಕ್ಕೆ ಎಷ್ಟು ಕೊಡ್ತೀಯಾ ಅಂದರೆ ಹಿಂಡಿಗೆ ನಾಲ್ಕು, ಅಂಗಡಿಗೆ ಮೂರು.

ಅಂಗಡಿ ಅಂದರೆ ಚಳ್ಳಕೆರೆ ಕಡೆಯ ಒಂದು ಸಣ್ಣ ಗಾಣ. ಹೆಸರು ಬೇಡ. ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರಿದೆ, ಸುತ್ತಮುತ್ತ ಶೇಂಗಾ ಬೆಳೆ, ಊರ ತುಂಬ ಎಣ್ಣೆ ಮಿಲ್ಲುಗಳು. ಹಿಂಡಿ ಇಲ್ಲಿ ಹೊಸದೇನಲ್ಲ. ಎಮ್ಮೆಗೆ ಹಿಂಡಿ ನೆನೆಸಿಡುವುದನ್ನು ನೋಡಿಕೊಂಡೇ ಬೆಳೆದವರು ನಾವು. ಹೊಸದು ಏನಪ್ಪಾ ಅಂದರೆ, ಈಗೀಗ ಮರದ ಗಾಣದ ಎಣ್ಣೆಗೆ ಬೆಂಗಳೂರಿನವರು ಮುಗಿಬಿದ್ದಿದ್ದಾರೆ, ಹಾಗಾಗಿ ಊರೂರಲ್ಲಿ ಸಣ್ಣ ಗಾಣಗಳು ಬಂದಿವೆ, ಎಣ್ಣೆ ಬಾಟಲಿಯಲ್ಲಿ ಹೋಗುತ್ತದೆ, ಹಿಂಡಿ ಇಲ್ಲೇ ಉಳಿಯುತ್ತದೆ. ಆ ಹಿಂಡಿಯನ್ನು ದನದವರು ಒಯ್ಯುತ್ತಾರೆ. ಕೋಳಿಯವರು ಯಾಕೆ ಒಯ್ಯಬಾರದು ಅನ್ನುವುದು ನನ್ನ ಪ್ರಶ್ನೆಯಾಗಿತ್ತು.

ನಮ್ಮಲ್ಲಿರುವುದು ದೊಡ್ಡ ಫಾರಂ ಅಲ್ಲ. ಸ್ವರ್ಣಧಾರ ಅನ್ನುವ ತಳಿ, ಜೊತೆಗೆ ಒಂದಷ್ಟು ನಾಟಿ. ಹಗಲು ತೋಟದಲ್ಲಿ ಬಿಡುತ್ತೇವೆ, ಸಂಜೆ ಶೆಡ್ಡಿಗೆ. ಮೊಟ್ಟೆಯೇ ಮುಖ್ಯ ವ್ಯಾಪಾರ. ಕೋಳಿ ಸಾಕುವ ಯಾರನ್ನು ಬೇಕಾದರೂ ಕೇಳಿ, ಖರ್ಚಿನಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಭಾಗ ಮೇವಿಗೇ ಹೋಗುತ್ತದೆ. ಆ ಮೇವಿನಲ್ಲಿ ಮೆಕ್ಕೆಜೋಳ ತೂಕದಲ್ಲಿ ದೊಡ್ಡದು, ಸೋಯಾ ಹಿಂಡಿ ರೇಟಿನಲ್ಲಿ ದೊಡ್ಡದು. ಮೆಕ್ಕೆಜೋಳ ದಾವಣಗೆರೆ ಕಡೆಯಿಂದ ಬರುತ್ತದೆ, ಅದರ ರೇಟು ನಮ್ಮ ಕಣ್ಣಳತೆಯಲ್ಲಿದೆ. ಸೋಯಾದ ಕಥೆ ಹಾಗಲ್ಲ. ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡ ಕಡೆ ಬೆಳೆಯುತ್ತಾರೆ ನಿಜ, ಆದರೆ ಜಾಸ್ತಿ ಬೆಳೆ ಮಧ್ಯಪ್ರದೇಶ, ಮಹಾರಾಷ್ಟ್ರದಲ್ಲಿ. ಸೋಯಾ ವ್ಯಾಪಾರದ ಊರು ಇಂದೋರಿನಲ್ಲಿ ಯಾರೋ ಸೀನಿದರೆ ಇಲ್ಲಿ ನಮ್ಮ ಚೀಲದ ರೇಟು ಏರುತ್ತದೆ. 2021ರಲ್ಲಿ ಏನಾಯಿತು ಅಂತ ಹಳಬರಿಗೆ ನೆನಪಿದೆ. ಸೋಯಾ ಹಿಂಡಿ ಕೆಜಿಗೆ ನೂರು ರೂಪಾಯಿ ಹತ್ತಿರ ಹೋಯಿತು, ಕೊನೆಗೆ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಹೊರಗಿನಿಂದ ತರಿಸಲು ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಸಣ್ಣಪುಟ್ಟ ಕೋಳಿಯವರು ಎಷ್ಟೋ ಜನ ಶೆಡ್ ಖಾಲಿ ಮಾಡಿ ಕೂತಿದ್ದರು.

ಅದಕ್ಕೇ ಬದಲಿ ಹುಡುಕಾಟ.

ಈಗ ಗಾಣದ ಹಿಂಡಿಗೆ ಬರೋಣ. ಮಿಲ್ಲಿನ ಎಕ್ಸ್‌ಪೆಲ್ಲರ್ ಹಿಂಡಿ ತೆಳ್ಳಗೆ, ಗಟ್ಟಿಯಾಗಿ, ಸ್ವಲ್ಪ ಸುಟ್ಟ ಬಣ್ಣಕ್ಕೆ ಇರುತ್ತದೆ. ಗಾಣದ್ದು ಹಾಗಲ್ಲ, ಒರಳಿನ ಗೋಡೆಗೆ ಒತ್ತಿಕೊಂಡು ಬಂದಿರುವುದರಿಂದ ದಪ್ಪ, ಬಾಗಿದ ಚಕ್ಕೆ. ಒಂದು ಮೈ ನುಣ್ಣಗೆ ಹೊಳೆಯುತ್ತದೆ, ಇನ್ನೊಂದು ಮೈ ಒರಟು. ಹೊಸದಾದರೆ ಬೆರಳಲ್ಲಿ ಮುರಿಯುತ್ತದೆ, ಮುರಿದ ಜಾಗ ಕೆನೆ ಬಣ್ಣಕ್ಕಿರುತ್ತದೆ, ನಡುನಡುವೆ ಬೀಜದ ಕೆಂಪು ಸಿಪ್ಪೆ ಚೂರು. ಹುರಿದ ಶೇಂಗಾ ಪರಿಮಳ ಬರುತ್ತದೆ, ಬಾಯಲ್ಲಿ ಹಾಕಿಕೊಳ್ಳೋಣ ಅನ್ನಿಸುವಷ್ಟು. ಹಳೆ ನ್ಯೂಸ್ ಪೇಪರ್ ಮೇಲೆ ಒಂದು ಚಕ್ಕೆ ಇಟ್ಟು ಒತ್ತಿದರೆ ಎಣ್ಣೆ ಕಲೆ ಮೂಡುತ್ತದೆ. ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತು ಭಾಗ ಎಣ್ಣೆ, ಕೆಲವೊಮ್ಮೆ ಇನ್ನೂ ಜಾಸ್ತಿ, ಉಳಿದಿರುತ್ತದೆ. ಎಕ್ಸ್‌ಪೆಲ್ಲರ್‌ನಲ್ಲಿ ಆರೇಳು ಭಾಗ. ಎಣ್ಣೆ ಪೂರ್ತಿ ತೆಗೆದ ಡಿಒಸಿಯಲ್ಲಿ ಒಂದು ಭಾಗವೂ ಇರುವುದಿಲ್ಲ.

ಈ ಎಣ್ಣೆ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಒಳ್ಳೆಯದು ಯಾಕಂದರೆ ಕೋಳಿಗೆ ಶಕ್ತಿ ಸಿಗುತ್ತದೆ, ಮೇವಿನಲ್ಲಿ ದೂಳು ಏಳುವುದಿಲ್ಲ. ಕೆಟ್ಟದ್ದು ಯಾಕಂದರೆ ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ. ಕಮಟು ಹಿಂಡಿಯನ್ನು ಎಮ್ಮೆ ತಿಂದೀತು, ಕೋಳಿ ಮೂತಿ ತಿರುಗಿಸುತ್ತದೆ. ತಿಂದರೂ ಮೇವಿನಲ್ಲಿರುವ ಎ, ಇ ವಿಟಮಿನ್ನುಗಳು ಹಾಳಾಗಿರುತ್ತವೆ. ಜಾಸ್ತಿ ದಾಸ್ತಾನು ಮಾಡಿಕೊಳ್ಳುವ ವಸ್ತು ಇದಲ್ಲ.

ಪ್ರೋಟೀನ್ ವಿಷಯ. ಸಿಪ್ಪೆ ಚೆನ್ನಾಗಿ ತೆಗೆದು ಆಡಿಸಿದ ಶೇಂಗಾ ಹಿಂಡಿಯಲ್ಲಿ ನೂರಕ್ಕೆ ನಲವತ್ತರ ಮೇಲೆ ಪ್ರೋಟೀನ್ ಇರುತ್ತದೆ, ಸೋಯಾದಲ್ಲಿ ನಲವತ್ತನಾಲ್ಕರಿಂದ ನಲವತ್ತೆಂಟು. ಲೆಕ್ಕಕ್ಕೆ ಅಕ್ಕಪಕ್ಕ. ಅಂಗಡಿಯವರು ಹೇಳುವುದೂ ಇದನ್ನೇ: "ಸೋಯಾಗೇನೂ ಕಮ್ಮಿ ಇಲ್ಲ ಗೌಡ್ರೇ, ತಗಂಡೋಗಿ." ಕಮ್ಮಿ ಇದೆ. ಪ್ರೋಟೀನ್ ಎಷ್ಟಿದೆ ಅನ್ನುವುದಕ್ಕಿಂತ ಪ್ರೋಟೀನಿನಲ್ಲಿ ಏನಿದೆ ಅನ್ನುವುದು ಕೋಳಿಗೆ ಮುಖ್ಯ. ಲೈಸಿನ್ ಅಂತ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ತುಂಡು, ಇದೆ. ಸೋಯಾ ಹಿಂಡಿಯ ತೂಕದಲ್ಲಿ ಅದು ನೂರಕ್ಕೆ 2.8ರ ಆಸುಪಾಸು, ಶೇಂಗಾ ಹಿಂಡಿಯಲ್ಲಿ 1.5ರ ಆಸುಪಾಸು, ಹೆಚ್ಚುಕಮ್ಮಿ ಅರ್ಧ. ಮೆಥಿಯೋನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಕೂಡ ಕಡಿಮೆ. ಇಟ್ಟಿಗೆ ರಾಶಿ ಬಿದ್ದಿದ್ದರೂ ಸಿಮೆಂಟ್ ಮುಗಿದರೆ ಗೋಡೆ ಏಳುವುದಿಲ್ಲ ಅಲ್ವಾ, ಹಾಗೆ. ಲೈಸಿನ್ ಸಾಲದಿದ್ದರೆ ಉಳಿದ ಪ್ರೋಟೀನ್ ಮೊಟ್ಟೆಯಾಗುವುದಿಲ್ಲ, ಅಮೋನಿಯಾ ವಾಸನೆಯಾಗಿ ಶೆಡ್ಡಿನಲ್ಲಿ ನಿಲ್ಲುತ್ತದೆ.

ಬ್ರಾಯ್ಲರ್‌ಗೆ ಬೇಡ ಅಂದಿದ್ದು ಇದಕ್ಕೇ. ಆರು ವಾರದೊಳಗೆ ಎರಡು ಕೆಜಿ ದಾಟಬೇಕಾದ ಹಕ್ಕಿಗೆ ಲೈಸಿನ್ ಒಂದು ಚೂರು ಕಮ್ಮಿಯಾದರೂ ಎದೆ ಮಾಂಸದಲ್ಲಿ ಗೊತ್ತಾಗಿಬಿಡುತ್ತದೆ. ಅದರ ಲೆಕ್ಕ ಗ್ರಾಂನಲ್ಲಿ ನಡೆಯುವ ಲೆಕ್ಕ, ಕಂಪನಿ ಫೀಡ್ ಹಾಕುವವರು ಕಂಪನಿ ಫೀಡೇ ಹಾಕಲಿ. ಮೊಟ್ಟೆ ಕೋಳಿ, ಅದರಲ್ಲೂ ಹೊರಗೆ ಹುಳ ಹುಪ್ಪಟೆ ಕೆದಕಿ ತಿನ್ನುವ ನಮ್ಮಂಥವರ ಕೋಳಿ, ಸ್ವಲ್ಪ ಸುಧಾರಿಸಿಕೊಳ್ಳುತ್ತದೆ.

ಸರಿ, ಎಷ್ಟು ಹಾಕಬೇಕು? ನಾನು ಮಾಡುವ ಮಿಕ್ಸ್ ಹೇಳುತ್ತೇನೆ, 100 ಕೆಜಿ ಲೆಕ್ಕಕ್ಕೆ. ಮೆಕ್ಕೆಜೋಳ 55, ಸೋಯಾ 12, ಶೇಂಗಾ ಹಿಂಡಿ 10, ಸೂರ್ಯಕಾಂತಿ ಹಿಂಡಿ 5, ತೌಡು 8, ಕಪ್ಪೆಚಿಪ್ಪು ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿ ಎಂಟೂವರೆ, ಉಳಿದ ಒಂದೂವರೆ ಕೆಜಿಯಲ್ಲಿ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಮಿನರಲ್ ಮಿಕ್ಸ್, ವಿಟಮಿನ್, ಉಪ್ಪು, ಲೈಸಿನ್, ಮೆಥಿಯೋನಿನ್. ಕೂಡಿಸಿ ನೋಡಿದರೆ ಪ್ರೋಟೀನ್ ಸುಮಾರು 17 ಬರುತ್ತದೆ. ಮೊಟ್ಟೆ ಇಡುವ ಕೋಳಿಗೆ ಅಷ್ಟು ಸಾಕು. ಮರಿಗಳಿಗೆ ಈ ಮಿಕ್ಸ್ ಬೇಡ, ಅವಕ್ಕೆ ಪ್ರೋಟೀನ್ ಜಾಸ್ತಿ ಬೇಕು, ಇಷ್ಟು ಸುಣ್ಣ ಹಾಕಿದರೆ ಮೂತ್ರಪಿಂಡ ಹಾಳು.

ಲೈಸಿನ್ ಪುಡಿಯ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ. 10 ಕೆಜಿ ಸೋಯಾ ತೆಗೆದು 10 ಕೆಜಿ ಶೇಂಗಾ ಹಿಂಡಿ ಹಾಕಿದರೆ ಲೈಸಿನ್ ಕೊರತೆ ಸುಮಾರು 130 ಗ್ರಾಂ. ಅಂಗಡಿಯಲ್ಲಿ ಸಿಗುವ ಲೈಸಿನ್ ಪುಡಿಯಲ್ಲಿ ನಿಜವಾದ ಲೈಸಿನ್ 78 ಭಾಗ. ಹಾಗಾಗಿ 165 ಗ್ರಾಂ ಪುಡಿ ಹಾಕಿದರೆ ಸರಿಹೋಗುತ್ತದೆ. ನೂರು ಕೆಜಿಗೆ ಒಂದೆರಡು ಹಿಡಿ ಅಷ್ಟೇ. ಆದರೆ ಆ ಒಂದೆರಡು ಹಿಡಿ ನೂರು ಕೆಜಿಯಲ್ಲಿ ಸಮನಾಗಿ ಸೇರಬೇಕು. ಮೊದಲು ಒಂದೆರಡು ಕೆಜಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಕಲಸಿ, ಅದನ್ನು ಹತ್ತು ಕೆಜಿಯಲ್ಲಿ, ಆಮೇಲೆ ರಾಶಿಗೆ. ನೇರ ರಾಶಿ ಮೇಲೆ ಎರಚಿದರೆ ಒಂದು ಕೋಳಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ.

ಹಿಂಡಿ ಬೀಸುವಾಗ ಇನ್ನೊಂದು ತಲೆನೋವು. ಗಾಣದ ಹಿಂಡಿ ಒಂದನ್ನೇ ಮಿಷನ್ನಿಗೆ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಜರಡಿಗೆ ಅಂಟುತ್ತದೆ, ಮಿಲ್ಲಿನವನು ಬೈಯುತ್ತಾನೆ. ಮೆಕ್ಕೆಜೋಳದ ಜೊತೆ ಬೆರೆಸಿ ಹಾಕಿ, ಸಲೀಸಾಗಿ ಹೋಗುತ್ತದೆ. ತೀರಾ ನುಣ್ಣಗೆ ಬೇಡ. ನುಣ್ಣಗಾದರೆ ಕೊಕ್ಕಿನ ತುದಿಗೆ ಮೆತ್ತಿಕೊಳ್ಳುತ್ತದೆ, ಕೋಳಿ ನೀರಿನ ಬಟ್ಟಲಿಗೆ ಹೋಗಿ ಕೊಕ್ಕು ತೊಳೆಯುತ್ತದೆ, ಸಂಜೆಗೆ ಬಟ್ಟಲಿನ ತಳದಲ್ಲಿ ಹುಳಿ ವಾಸನೆಯ ಗಸಿ. ತೀರಾ ದಪ್ಪ ಬಿಟ್ಟರೂ ಕಷ್ಟ. ಮೆಕ್ಕೆಜೋಳದ ನುಚ್ಚು ಆರಿಸಿ ತಿಂದು ಉಳಿದದ್ದನ್ನು ಕೆದಕಿ ಹೊರಗೆ ಹಾಕುತ್ತವೆ, ಯಾಟೆಗಳಿಗೆ ಈ ಬುದ್ಧಿ ಜಾಸ್ತಿ. ರವೆಯಷ್ಟು ಸಾಕು.

ಫಲಿತಾಂಶ? ಮೊಟ್ಟೆ ಕಡಿಮೆ ಆಗಲಿಲ್ಲ. ಸಿಪ್ಪೆ ಗಟ್ಟಿ ಇದೆ. ಹಳದಿ ಬಣ್ಣಕ್ಕೂ ಹಿಂಡಿಗೂ ಸಂಬಂಧ ಇಲ್ಲ, ಅದು ಮೆಕ್ಕೆಜೋಳ ಮತ್ತು ಹಸಿರು ಸೊಪ್ಪಿನ ಕೆಲಸ. ರುಚಿಯಲ್ಲಿ ವ್ಯತ್ಯಾಸ ಇದೆ ಅಂತ ಗಿರಾಕಿಗಳು ಹೇಳುತ್ತಾರೆ, ನನಗಂತೂ ಗೊತ್ತಾಗಿಲ್ಲ, ಸುಮ್ನೆ ಹೇಳುತ್ತಾರೇನೋ. ಉಳಿತಾಯ ಆಗಿದೆ, ಆದರೆ ಬೋರ್ಡಿನಲ್ಲಿ ಬರೆದ ರೇಟು ನೋಡಿ ಖುಷಿಪಡುವಷ್ಟಲ್ಲ. ಹಿಂಡಿಯ ರೇಟನ್ನು ಕೆಜಿ ಲೆಕ್ಕದಲ್ಲಿ ನೋಡಬಾರದು, ಪ್ರೋಟೀನ್ ಲೆಕ್ಕದಲ್ಲಿ ನೋಡಬೇಕು. ಸೋಯಾ 45 ರೂಪಾಯಿ, ಪ್ರೋಟೀನ್ 45 ಅಂತ ಇಟ್ಟುಕೊಳ್ಳಿ, ಒಂದು ಕೆಜಿ ಪ್ರೋಟೀನಿಗೆ 100 ರೂಪಾಯಿ ಬಿತ್ತು. ಶೇಂಗಾ ಹಿಂಡಿ 40 ರೂಪಾಯಿ, ಪ್ರೋಟೀನ್ 40 ಅಂದರೆ ಅಲ್ಲಿಯೂ 100 ರೂಪಾಯಿ. ಮೇಲೆ ಲೈಸಿನ್ ಖರ್ಚು ಬೇರೆ. ಅಲ್ಲಿಗೆ ಗಾಣದ ಹಿಂಡಿ ತುಟ್ಟಿಯೇ ಆಯಿತು. ಇವು ಲೆಕ್ಕ ತೋರಿಸಲು ಹಾಕಿದ ರೇಟುಗಳು, ಇವತ್ತಿನ ರೇಟು ನಿಮ್ಮೂರಲ್ಲಿ ಕೇಳಿಕೊಂಡು ಹೀಗೇ ಭಾಗಿಸಿ ನೋಡಿ. ಸೋಯಾ ಇಳಿದಿರುವ ಕಾಲದಲ್ಲಿ ನಾನೂ ಹಿಂಡಿ ಕಡೆ ಹೋಗುವುದಿಲ್ಲ.

ಈಗ ಬೂಷ್ಟಿನ ವಿಷಯ. ಇಡೀ ಬರಹದಲ್ಲಿ ಒಂದೇ ಪ್ಯಾರಾ ಓದುವ ತಾಳ್ಮೆ ಇದ್ದರೆ ಇದನ್ನು ಓದಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ರೋಗ ಯಾವುದು ಅಂತ ಯಾರಿಗೂ ಗೊತ್ತಾಗದೆ ಟರ್ಕಿ ಎಕ್ಸ್ ಅಂತ ಹೆಸರಿಟ್ಟರು. ಹುಡುಕುತ್ತಾ ಹೋದರೆ ಅದು ರೋಗವೇ ಅಲ್ಲ, ಮೇವಿನಲ್ಲಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿ. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬೆಳೆದು ವಿಷ ಬಿಟ್ಟಿತ್ತು. ಅಫ್ಲಾಟಾಕ್ಸಿನ್ ಅನ್ನುವುದು ಜಗತ್ತಿಗೆ ಗೊತ್ತಾಗಿದ್ದೇ ಹಾಗೆ, ಶೇಂಗಾ ಹಿಂಡಿಯಿಂದ, ಕೋಳಿ ಸಾಕುವವರ ನಷ್ಟದಿಂದ. ಬಾತುಕೋಳಿ ಮತ್ತು ಟರ್ಕಿಗೆ ಈ ವಿಷ ಬಹಳ ಬೇಗ ತಗಲುತ್ತದೆ, ನಮ್ಮ ಕೋಳಿಗಳು ಸ್ವಲ್ಪ ತಡೆದುಕೊಳ್ಳುತ್ತವೆ. ಹಾಗಾಗಿ ಮನೆಯಲ್ಲಿ ಬಾತು ಇದ್ದರೆ ಅವಕ್ಕೆ ಶೇಂಗಾ ಹಿಂಡಿ ತೋರಿಸಲೇಬೇಡಿ.

ಕೋಳಿ ತಡೆದುಕೊಳ್ಳುತ್ತದೆ ಅನ್ನುವುದೇ ಇಲ್ಲಿ ಮೋಸ. ಪಟ್ ಅಂತ ಸಾಯುವುದಿಲ್ಲ. ಮೇವು ಕಡಿಮೆ ತಿನ್ನುತ್ತದೆ, ಮೊಟ್ಟೆ ಇಳಿಯುತ್ತದೆ, ಲಿವರ್ ಊದಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುವುದರಿಂದ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸಿದ್ದರೂ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ನಾವು ಲಸಿಕೆಯವರನ್ನು ಬೈಯುತ್ತೇವೆ. ಕೋಳಿ ಮೇವಿನಲ್ಲಿ ಅಫ್ಲಾಟಾಕ್ಸಿನ್ ಬಿ1ಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ 20 ಪಿಪಿಬಿ. ಅಂದರೆ ಒಂದು ಟನ್ ಮೇವಿನಲ್ಲಿ 20 ಮಿಲಿಗ್ರಾಂ. ಕಣ್ಣಿಗೆ ಕಾಣುವ ಮಾತೇ ಇಲ್ಲ, ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಬಿಸಿಲಿಗೆ ಹಾಕಿದರೆ ಹೋಗುತ್ತೆ ಅಂತ ಎಲ್ಲ ಅಂಗಡಿಯವರೂ ಹೇಳುತ್ತಾರೆ. ಬಿಸಿಲಿಗೆ ಹೋಗುವುದು ತೇವ. ಬೂಷ್ಟು ಒಣಗಿ ಉದುರುತ್ತದೆ, ಅದು ಬಿಟ್ಟ ವಿಷ ಬಹುಪಾಲು ಹಿಂಡಿಯಲ್ಲೇ ಕೂತಿರುತ್ತದೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಇನ್ನೊಂದು ವಿಷಯ, ಎಣ್ಣೆ ತೆಗೆಯುವಾಗ ಈ ವಿಷ ಎಣ್ಣೆಗೆ ಹೋಗುವುದು ಸ್ವಲ್ಪ, ಹಿಂಡಿಯಲ್ಲಿ ಉಳಿಯುವುದು ಜಾಸ್ತಿ. ತೂಕದ, ದುಂಡನೆಯ ಬೀಜ ತಿನ್ನಲು, ಬಿತ್ತನೆಗೆ ಹೋಗುತ್ತದೆ. ಮುರುಕಲು, ಸುಕ್ಕಿದ್ದು, ಮಳೆಗೆ ಸಿಕ್ಕಿದ್ದು ಎಣ್ಣೆಗೆ ಬರುತ್ತದೆ. ಬೂಷ್ಟು ಹಿಡಿಯುವುದೂ ಅಂಥದಕ್ಕೇ. ಅದೂ ಅಲ್ಲದೆ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲದಲ್ಲಿ, ಮಣ್ಣಿನೊಳಗೇ ಈ ಬೂಷ್ಟು ಹತ್ತಿಕೊಳ್ಳುತ್ತದೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು, ಮಳೆ ಕೈಕೊಡುವುದು ಇಲ್ಲಿ ಸುದ್ದಿಯೇ ಅಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಲೆಕ್ಕದಲ್ಲಿ ತರುವವರು ಲ್ಯಾಬಿಗೆ ಕಳಿಸಿ. ಮೊಟ್ಟೆ ವ್ಯಾಪಾರದ ದೊಡ್ಡ ಊರು ನಾಮಕ್ಕಲ್‌ನಲ್ಲಿ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮೇವು ಪರೀಕ್ಷಾ ಲ್ಯಾಬ್ ಇದೆ. ನಮ್ಮಂಥ ಸಣ್ಣವರು ಗಾಣದವರ ಬೀಜದ ಚೀಲ ಬಿಚ್ಚಿಸಿ ನೋಡಬೇಕು, ಹಿಂಡಿ ಅಲ್ಲ, ಬೀಜ. ಈ ಗಾಣಕ್ಕೆ ನಾನು ಅಂಟಿಕೊಂಡಿದ್ದು ಈ ಒಂದೇ ಕಾರಣಕ್ಕೆ. ಎಣ್ಣೆಯನ್ನು ಜನ ಹಾಗೇ ಅಡುಗೆಗೆ ಬಳಸುವುದರಿಂದ ಆತ ಬೀಜ ಆರಿಸಿ ಆಡಿಸುತ್ತಾನೆ. ಇಬ್ಬರು ಹೆಂಗಸರು ಮೊರದಲ್ಲಿ ಕೇರುತ್ತಾ ಕಪ್ಪು ಬೀಜ ಪಕ್ಕಕ್ಕೆ ಹಾಕುವುದನ್ನು ಕಣ್ಣಾರೆ ನೋಡಬಹುದು. ಆ ಕಪ್ಪು ಬೀಜ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ನಗುತ್ತಾನೆ. ನಾಲ್ಕು ಕೊಟ್ಟು ಐದು ಕೊಡದಿದ್ದಕ್ಕೆ ಆ ನಗುವೇ ಕಾರಣ. ಟಾಕ್ಸಿನ್ ಬೈಂಡರ್ ಅಂತ, ವಿಷ ಮೈಗೆ ಹತ್ತದಂತೆ ಹಿಡಿದಿಡುವ ಪುಡಿ ಸಿಗುತ್ತದೆ, ಶೇಂಗಾ ಹಿಂಡಿ ಹಾಕುವವರು ಅದನ್ನು ಬಿಡಬೇಡಿ. ಹಾಗಂತ ಬೈಂಡರ್ ಇದೆ ಅಂತ ಬೂಷ್ಟು ಹಿಡಿದ ಹಿಂಡಿ ಹಾಕುವುದೂ ಬೇಡ.

ಅಂಗಡಿಗೆ ಮೂರೇ ಯಾಕೆ? ಹಿಂಡಿ ಚೀಲಗಳನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಇಡುತ್ತಾರೆ. ಕೆಳಗೆ ಹಲಗೆ ಇಲ್ಲ. ಗೋಡೆ ಕಡೆಯ ಚೀಲ ಎಳೆದು ನೋಡಿದರೆ ಮೂಲೆಯಲ್ಲಿ ಅಂಗೈ ಅಗಲ ತಣ್ಣಗಿರುತ್ತದೆ, ಕೈ ಹಾಕಿದರೆ ಉಂಡೆ ಕಟ್ಟಿದ ಹಿಂಡಿ, ಮುರಿದರೆ ಒಳಗೆ ಹಸಿರು ಬೂದಿ ಬಣ್ಣದ ಪುಡಿ. ಮೇಲಿನಿಂದ ನೋಡಿದರೆ ಚೀಲ ಚೊಕ್ಕ. ಹೇಳಿದರೆ ಬದಲಾಯಿಸಿ ಕೊಡುತ್ತಾರೆ, ಅದಕ್ಕೆ ತಕರಾರಿಲ್ಲ, ಆದರೆ ಹೇಳದಿದ್ದರೆ ಅದೇ ಚೀಲ ಗಾಡಿಗೆ ಏರುತ್ತದೆ. ಯಾವತ್ತು ಆಡಿಸಿದ್ದು ಅಂತ ಚೀಲದ ಮೇಲೆ ಬರೆಯುವ ಅಭ್ಯಾಸವೂ ಇಲ್ಲ. "ನಿನ್ನೇದೇ ಗೌಡ್ರೇ" ಅನ್ನುವುದು ಅಲ್ಲಿ ಎಲ್ಲ ಚೀಲಕ್ಕೂ ಒಂದೇ ತಾರೀಖು.

ಅದಕ್ಕಿಂತ ದೊಡ್ಡ ತಕರಾರು ಬೇವಿನ ಹಿಂಡಿ, ಹೊಂಗೆ ಹಿಂಡಿ ಚೀಲಗಳನ್ನು ಪಕ್ಕದಲ್ಲೇ ಪೇರಿಸಿಡುವುದು. ಅವು ತೋಟಕ್ಕೆ ಹಾಕುವ ಗೊಬ್ಬರ. ಹರಳಿನ ಹಿಂಡಿ ಅಂತೂ ವಿಷವೇ, ಅದರಲ್ಲಿ ರೈಸಿನ್ ಇರುತ್ತದೆ. ಒಂದೇ ಸಲಿಕೆ, ಒಂದೇ ತಕ್ಕಡಿ. ಗೊಬ್ಬರದ ಹಿಂಡಿ ತೂಗಿದ ತಕ್ಕಡಿಯಲ್ಲಿ ನನ್ನ ಹಿಂಡಿ ತೂಗಬೇಡಿ ಅಂದರೆ "ಏನಾಗಲ್ಲ ಬಿಡ್ರಿ" ಅನ್ನುತ್ತಾರೆ.

ಕಲಬೆರಕೆ ಈ ಗಾಣದಲ್ಲಿ ನನಗೆ ಕಂಡಿಲ್ಲ. ಬೇರೊಂದು ಕಡೆ, ಪಶು ಆಹಾರದ ಅಂಗಡಿಯಲ್ಲಿ, ಕಂಡಿದೆ. ಪುಡಿ ಮಾಡಿದ ಹಿಂಡಿ ಕಡಿಮೆ ರೇಟಿಗೆ ಕೊಡುತ್ತಾರೆ ಅಂದರೆ ಅನುಮಾನ ಪಡಿ, ಚಕ್ಕೆಯಲ್ಲಿ ಬೆರೆಸುವುದು ಕಷ್ಟ, ಪುಡಿಯಲ್ಲಿ ಏನು ಬೇಕಾದರೂ ಬೆರೆಸಬಹುದು. ಮರಳಾದರೆ ಕಂಡುಹಿಡಿಯುವುದು ಸುಲಭ. ಗಾಜಿನ ಲೋಟದಲ್ಲಿ ನೀರು, ಒಂದು ಹಿಡಿ ಪುಡಿ, ಕಲಕಿ ಬಿಡಿ, ಮೇಲಿನದನ್ನು ಚೆಲ್ಲಿ ತಳಕ್ಕೆ ಬೆರಳು ಹಾಕಿ. ಶೇಂಗಾ ಹೊಟ್ಟಾದರೆ ಮೇಲೆ ತೇಲುತ್ತದೆ.

ಯೂರಿಯಾ ಕಿಲಾಡಿ. ಲ್ಯಾಬಿನಲ್ಲಿ ಪ್ರೋಟೀನ್ ಅಳೆಯುವುದು ಅಂದರೆ ಸಾಮಾನ್ಯವಾಗಿ ಸಾರಜನಕ ಅಳೆದು 6.25ರಿಂದ ಗುಣಿಸುವುದು. ಯೂರಿಯಾದಲ್ಲಿ 46 ಭಾಗ ಸಾರಜನಕ. ಗುಣಿಸಿದರೆ 287. ನೂರು ಕೆಜಿ ಹಿಂಡಿಗೆ ಒಂದೇ ಒಂದು ಕೆಜಿ ಯೂರಿಯಾ ಬೆರೆಸಿದರೆ ರಿಪೋರ್ಟಿನಲ್ಲಿ ಪ್ರೋಟೀನ್ ಹತ್ತಿರ ಹತ್ತಿರ ಎರಡೂವರೆ ಪಾಯಿಂಟ್ ಏರುತ್ತದೆ. ಎಮ್ಮೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಂದು ಮಟ್ಟಕ್ಕೆ ಬಳಸಿಕೊಳ್ಳುತ್ತವೆ. ಕೋಳಿಗೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ, ಜಾಸ್ತಿಯಾದರೆ ತೊಂದರೆ. ಮನೆಯಲ್ಲಿ ನೋಡುವ ದಾರಿ ಇದೆ. ಹಿಂಡಿ ನೆನೆಸಿ ಸೋಸಿದ ನೀರಿಗೆ ಒಂದು ಚಮಚ ಹಸಿ ಸೋಯಾ ಹಿಟ್ಟು ಅಥವಾ ತೊಗರಿಬೇಳೆ ಹಿಟ್ಟು ಹಾಕಿ, ಅಲುಗಾಡಿಸಿ, ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದ ಅದ್ದಿ. ಯೂರಿಯಾ ಇದ್ದರೆ ಕಾಗದ ನೀಲಿಗೆ ತಿರುಗುತ್ತದೆ. ಡೇರಿಯಲ್ಲಿ ಹಾಲಿಗೆ ಮಾಡುವ ಪರೀಕ್ಷೆಯೇ ಇದು.

ಬೇರೆ ಹಿಂಡಿಗಳ ಬಗ್ಗೆ ಎರಡೆರಡು ಮಾತು, ಇದೇ ಅಂಗಡಿಯಲ್ಲಿ ಕೆಲವು ಸಿಗುತ್ತವೆ.

ಸೂರ್ಯಕಾಂತಿ ಹಿಂಡಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಿರಪಾಯ. ಹೇಳಿಕೊಳ್ಳುವಂಥ ವಿಷ ಇಲ್ಲ, ಮೆಥಿಯೋನಿನ್ ಚೆನ್ನಾಗಿದೆ, ಶೇಂಗಾದಲ್ಲಿ ಕಮ್ಮಿ ಇರುವುದನ್ನು ಇದು ತುಂಬುತ್ತದೆ. ಆದರೆ ಸಿಪ್ಪೆ ಸಮೇತ ಆಡಿಸುವುದರಿಂದ ನಾರು ಬಹಳ, ಪ್ರೋಟೀನ್ 28ರ ಸುತ್ತಮುತ್ತ. ಜಾಸ್ತಿ ಹಾಕಿದರೆ ಕೋಳಿ ಹೊಟ್ಟೆ ತುಂಬ ಹೊಟ್ಟು ತಿಂದಂತೆ. ದೇಶದಲ್ಲಿ ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ಮುಂದು, ಆದರೂ ಹಿಂಡಿ ಸಿಗುವುದು ಕಷ್ಟವಾಗುತ್ತಿದೆ. ಯಾಕಂದರೆ ನಾವು ತಿನ್ನುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ರಷ್ಯಾ, ಉಕ್ರೇನ್ ಕಡೆಯಿಂದ ಹಡಗಿನಲ್ಲಿ ಎಣ್ಣೆಯಾಗಿಯೇ ಬರುತ್ತದೆ. ಹಿಂಡಿ ಅಲ್ಲಿನ ಕೋಳಿಗಳ ಪಾಲು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಳ್ಳಿನ ಹಿಂಡಿಯಲ್ಲಿ ಮೆಥಿಯೋನಿನ್ ಇನ್ನೂ ಚೆನ್ನಾಗಿದೆ. ಆದರೆ ಅದರಲ್ಲಿರುವ ಫೈಟೇಟ್ ಅನ್ನುವ ವಸ್ತು ಸುಣ್ಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಟ್ಟೆ ಸಿಪ್ಪೆ ತೆಳ್ಳಗಾದರೆ ಕಡಿಮೆ ಮಾಡಿ. ಅದೂ ಅಲ್ಲದೆ ಎಳ್ಳೆಣ್ಣೆ ಗಾಣದವರು ಹಿಂಡಿಯನ್ನು ಎಮ್ಮೆಯವರಿಗೇ ಮೊದಲೇ ಹೇಳಿ ಇಟ್ಟಿರುತ್ತಾರೆ, ನಮಗೆ ಸಿಗುವುದಿಲ್ಲ.

ಕೊಬ್ಬರಿ ಹಿಂಡಿ ತಿಪಟೂರು ಕಡೆಯವರಿಗೆ ಕೈಗೆಟುಕುವ ವಸ್ತು. ಪ್ರೋಟೀನ್ ಇಪ್ಪತ್ತರ ಆಸುಪಾಸು ಅಷ್ಟೇ, ಲೈಸಿನ್ ಕಮ್ಮಿ, ನೀರು ಕುಡಿದು ಉಬ್ಬುತ್ತದೆ. ಪ್ರೋಟೀನಿಗೋಸ್ಕರ ಅದನ್ನು ಕೊಳ್ಳುವುದು ದಂಡ.

ಅಗಸೆ ಹಿಂಡಿ ದನಕ್ಕೆ ಚಿನ್ನ, ಕೋಳಿಗೆ ಬೇಡ, ಮರಿಗಳಿಗಂತೂ ಬೇಡವೇ ಬೇಡ. ಲೋಳೆ ಇರುತ್ತದೆ, ಹಿಕ್ಕೆ ಅಂಟಂಟಾಗುತ್ತದೆ, ಬಿ6 ವಿಟಮಿನ್ನಿಗೆ ಅಡ್ಡಗಾಲು ಹಾಕುವ ವಸ್ತುವೂ ಅದರಲ್ಲಿದೆ.

ಹತ್ತಿಕಾಳು ಹಿಂಡಿ ಅಂತ ಕೇಳುವವರು ಬಹಳ, ಅಗ್ಗ ಅಂತ. ಮೊಟ್ಟೆ ಕೋಳಿಗೆ ಹಾಕಲೇಬೇಡಿ. ಅದರಲ್ಲಿ ಗಾಸಿಪಾಲ್ ಅನ್ನುವ ವಿಷ ಇರುತ್ತದೆ. ಮೊಟ್ಟೆ ಇಟ್ಟ ದಿನ ಏನೂ ಗೊತ್ತಾಗುವುದಿಲ್ಲ, ಕೆಲವು ದಿನ ಇಟ್ಟು ಒಡೆದರೆ ಹಳದಿ ಇರಬೇಕಾದ ಕಡೆ ಹಸಿರು ಕಂದು ಬಣ್ಣ. ಬಿಳಿ ಭಾಗ ಗುಲಾಬಿ ಬಣ್ಣಕ್ಕೆ ತಿರುಗುವುದೂ ಉಂಟು, ಅದು ಹತ್ತಿಕಾಳಿನ ಎಣ್ಣೆಯಲ್ಲಿರುವ ಬೇರೆ ವಸ್ತುವಿನಿಂದ. ಅಂಥ ಒಂದು ಮೊಟ್ಟೆ ಒಂದು ಮನೆಗೆ ಹೋದರೆ ಆ ಬೀದಿಯ ವ್ಯಾಪಾರ ಮುಗಿಯಿತು.

ಈ ಗಾಣಕ್ಕೆ ಹೋಗುವವರಿಗೆ: ಬೆಳಿಗ್ಗೆ ಹೋಗಿ, ಆಡಿಸುವುದು ಆಗಲೇ. ಸಂತೆ ದಿನ ಬೇಡ, ಮಾತಾಡಲು ಪುರುಸೊತ್ತು ಇರುವುದಿಲ್ಲ, ತೂಕವೂ ಅವಸರದಲ್ಲಿ. "ದನಕ್ಕಾ, ಕೋಳಿಗಾ?" ಅಂತ ಕೇಳುತ್ತಾರೆ, ಕೋಳಿಗೆ ಅಂತ ಗಟ್ಟಿಯಾಗಿ ಹೇಳಿ, ದನಕ್ಕೆ ಅಂದರೆ ಹಳೆ ಚೀಲ ಬರುತ್ತದೆ. ಒಣಗಿದ ಸ್ವಂತ ಚೀಲ ಒಯ್ಯಿರಿ, ಅಲ್ಲಿ ಕೊಡುವ ಚೀಲದಲ್ಲಿ ಹಿಂದೆ ಬೇವಿನ ಹಿಂಡಿ ಇತ್ತೋ ಏನೋ. ಗಾಣದಿಂದ ಇಳಿದ ಬಿಸಿ ಹಿಂಡಿಯನ್ನು ಹಾಗೇ ತುಂಬಿ ಬಾಯಿ ಕಟ್ಟಬೇಡಿ, ಒಳಗೆ ಬೆವೆತು ಬೂಷ್ಟಿಗೆ ದಾರಿಯಾಗುತ್ತದೆ, ಮನೆಗೆ ತಂದು ನೆರಳಲ್ಲಿ ಹರವಿ ಆರಿಸಿ, ಆಮೇಲೆ ಹಲಗೆ ಮೇಲೆ ಇಡಿ. ಫೋನ್ ಪೇ ನಡೆಯುತ್ತದೆ. ಬಿಲ್ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ.